ಎಮ್ಯಾನುಯೆಲ್ ಸೆಲ್ಲರ್: ಬ್ರೂಕ್ಲಿನ್ ವಕೀಲರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಹಳೇ ತಲೆಮಾರನ್ನು ಮಾತಾಡಿಸಿ ನೋಡಿ. 1960ರ ದಶಕದ ಕೊನೆ ಅಥವಾ 1970ರ ದಶಕದಿಂದಲೇ ಅವರ ಕತೆ ಶುರುವಾಗುತ್ತದೆ. ಅದಕ್ಕೂ ಮುಂಚೆ ಹೋಗಿ ಅಲ್ಲೇ ಉಳಿದವರು ತೀರಾ ಕಡಿಮೆ. ಇದು ಸುಮ್ನೆ ಆದದ್ದಲ್ಲ. 1965ರ ಒಂದು ಕಾನೂನು ಇದಕ್ಕೆ ಕಾರಣ. ಆ ಕಾನೂನಿಗೆ ಇಬ್ಬರ ಹೆಸರು ಅಂಟಿಕೊಂಡಿದೆ: ಹಾರ್ಟ್ ಮತ್ತು ಸೆಲ್ಲರ್. ಅದರಲ್ಲಿ ಎರಡನೆಯವರ ಬಗ್ಗೆ ಈ ಪ್ರಶ್ನೋತ್ತರ.

ಸೆಲ್ಲರ್ ಯಾರು? ಚಿಕ್ಕದಾಗಿ ಹೇಳಿ.

ಎಮ್ಯಾನುಯೆಲ್ ಸೆಲ್ಲರ್ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1888ರ ಮೇ 6ರಂದು ಹುಟ್ಟಿದರು. ಓದಿ ವಕೀಲರಾದರು. 1923ರ ಮಾರ್ಚ್‌ನಿಂದ 1973ರ ಜನವರಿವರೆಗೆ ಅಮೆರಿಕದ ಜನಪ್ರತಿನಿಧಿ ಸಭೆಯಲ್ಲಿ ಸದಸ್ಯರಾಗಿದ್ದರು. ಒಂದರ ಹಿಂದೆ ಒಂದು 25 ಗೆಲುವು. 50 ವರ್ಷ ತುಂಬಲು ಎರಡೇ ತಿಂಗಳು ಕಡಿಮೆ. ಪಕ್ಷ ಡೆಮಾಕ್ರಟಿಕ್. ಹತ್ತಿರದವರು ‘ಮ್ಯಾನಿ’ ಎನ್ನುತ್ತಿದ್ದರು.

ಕಾಂಗ್ರೆಸ್‌ಮನ್ ಅಂದರೆ ಕಾಂಗ್ರೆಸ್ ಪಕ್ಷದವರಾ?

ಅಲ್ಲ. ಅಮೆರಿಕದಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು. ಅದಕ್ಕೆ ಎರಡು ಸದನ. ಸೆನೆಟ್‌ನಲ್ಲಿ ಈಗ 100 ಜನ, ಅವಧಿ 6 ವರ್ಷ. ಜನಪ್ರತಿನಿಧಿ ಸಭೆಯಲ್ಲಿ 435 ಜನ, ಅವಧಿ ಬರೀ 2 ವರ್ಷ. ಈ ಎರಡನೆಯ ಸದನದ ಸದಸ್ಯರನ್ನು ಕಾಂಗ್ರೆಸ್‌ಮನ್ ಎನ್ನುತ್ತಾರೆ. ನಮ್ಮ ಲೋಕಸಭಾ ಸದಸ್ಯರ ಹಾಗೆ ಅಂದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಮತ ಕೇಳಲು ಹೋಗಬೇಕು. ಹೀಗಿದ್ದೂ 25 ಸಲ ಗೆಲ್ಲುವುದು ಸಣ್ಣ ಮಾತಲ್ಲ.

ಮನೆತನ ಹೇಗಿತ್ತು? ಅನುಕೂಲಸ್ಥರಾ?

ಮೊದಲು ಅನುಕೂಲವಿತ್ತು, ಆಮೇಲೆ ಹೋಯಿತು. ಅಜ್ಜ ಅಜ್ಜಿಯರು ಜರ್ಮನಿಯಿಂದ ಬಂದವರು, ಹೆಚ್ಚಿನವರು ಯಹೂದಿಗಳು. ಅಪ್ಪನದು ವಿಸ್ಕಿ ವ್ಯಾಪಾರ. ಮನೆಯ ನೆಲಮಾಳಿಗೆಯಲ್ಲೇ ವಿಸ್ಕಿ ಟ್ಯಾಂಕ್ ಇತ್ತು. ವ್ಯಾಪಾರ ಮುಳುಗಿತು. ಅಪ್ಪ ಮನೆಮನೆಗೆ ಹೋಗಿ ವೈನ್ ಮಾರತೊಡಗಿದರು. ಮಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಪ್ಪ ತೀರಿಕೊಂಡರು. ಕೆಲವೇ ತಿಂಗಳಲ್ಲಿ ಅಮ್ಮನೂ ಹೋದರು.

ಮನೆಯ ಭಾರ ಹುಡುಗನ ಹೆಗಲಿಗೆ ಬಿತ್ತು. ಅಪ್ಪ ವೈನ್ ಕೊಡುತ್ತಿದ್ದ ಮನೆಗಳಿಗೇ ಇವರೂ ಹೋದರು. ಬೆಳಗ್ಗೆ ಪಾಠ, ಮಧ್ಯಾಹ್ನದಿಂದ ಸಂಜೆವರೆಗೆ ವೈನ್ ವ್ಯಾಪಾರ. ಹಾಗೇ 1910ರಲ್ಲಿ ಪದವಿ, 1912ರಲ್ಲಿ ಕಾನೂನು ಪದವಿ ಮುಗಿಸಿದರು. ಅದೇ ವರ್ಷ ವಕೀಲಿ ಶುರು. 1914ರಲ್ಲಿ ಸ್ಟೆಲ್ಲಾ ಬಾರ್ ಅವರ ಜೊತೆ ಮದುವೆ. ಈ ಮದುವೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಸಂಸತ್ತಿನ ಚರ್ಚೆಯಲ್ಲಿ ಬರುತ್ತದೆ.

ವಕೀಲಿ ಬಿಟ್ಟು ರಾಜಕೀಯಕ್ಕೆ ಯಾಕೆ ಬಂದರು?

ವಕೀಲಿಯನ್ನು ಪೂರ್ತಿ ಬಿಡಲೇ ಇಲ್ಲ, ಅದೇ ಮುಂದೆ ತಲೆನೋವೂ ಆಯಿತು. ರಾಜಕೀಯಕ್ಕೆ ಬಂದದ್ದು 1922ರಲ್ಲಿ. ರಿಪಬ್ಲಿಕನ್ನರ ಕೈಯಲ್ಲಿದ್ದ ಬ್ರೂಕ್ಲಿನ್ ಕ್ಷೇತ್ರವೊಂದರಲ್ಲಿ ನಿಂತರು. ಆಗ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಅದು ತಪ್ಪು ಎಂದು ಪ್ರಚಾರ ಮಾಡಿದರು. ವಿಸ್ಕಿ ವ್ಯಾಪಾರಿಯ ಮಗ ಬೇರೆ ಏನು ಹೇಳಿಯಾರು ಎಂದು ನಗಬಹುದು. ಆದರೆ ಬ್ರೂಕ್ಲಿನ್‌ನ ಜನರಿಗೂ ಅದೇ ಬೇಕಿತ್ತು. ಗೆದ್ದರು.

ವಲಸೆ ಕಾನೂನಿಗೂ ಅವರಿಗೂ ನಂಟು ಎಲ್ಲಿಂದ ಶುರು?

ಸಂಸತ್ತಿಗೆ ಕಾಲಿಟ್ಟ ಮರುವರ್ಷವೇ. 1924ರಲ್ಲಿ ಜಾನ್ಸನ್–ರೀಡ್ ಮಸೂದೆ ಬಂತು. ಅದರ ಲೆಕ್ಕಾಚಾರ ನೋಡಿ. 1890ರ ಜನಗಣತಿಯಲ್ಲಿ ಯಾವ ದೇಶದಲ್ಲಿ ಹುಟ್ಟಿದವರು ಅಮೆರಿಕದಲ್ಲಿ ಎಷ್ಟು ಜನ ಇದ್ದರೋ ಅದರ ನೂರಕ್ಕೆ 2ರಷ್ಟು ಮಾತ್ರ ಆ ದೇಶದಿಂದ ವರ್ಷಕ್ಕೆ ಬರಬಹುದು. 1920ರ ಜನಗಣತಿ ಕೈಯಲ್ಲೇ ಇತ್ತು. ಆದರೂ 34 ವರ್ಷ ಹಳೆಯದನ್ನು ಹಿಡಿದರು. ಯಾಕೆ? ಇಟಲಿಯವರು, ಪೋಲೆಂಡಿನವರು, ಪೂರ್ವ ಯುರೋಪಿನ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಹಳೇ ಲೆಕ್ಕ ಹಿಡಿದರೆ ಅವರ ಪಾಲು ತಾನಾಗಿಯೇ ಕುಗ್ಗುತ್ತದೆ. ಬ್ರಿಟನ್, ಜರ್ಮನಿಯವರಿಗೆ ಜಾಸ್ತಿ ಸಿಗುತ್ತದೆ. ಯಾರ ಹೆಸರನ್ನೂ ಬರೆಯದೆ ಯಾರನ್ನು ಹೊರಗಿಡಬೇಕೋ ಅವರನ್ನು ಹೊರಗಿಡುವ ಜಾಣತನ ಇದು.

ಏಷ್ಯಾದವರ ವಿಷಯದಲ್ಲಿ ಅಷ್ಟು ಜಾಣತನವೂ ಬೇಕಾಗಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದವರು ವಲಸೆಗೂ ಅರ್ಹರಲ್ಲ ಎಂದು ಬರೆದು ಮುಗಿಸಿದರು.

ಹೊಸಬ ಸೆಲ್ಲರ್ ಎದ್ದು ನಿಂತು ಇದನ್ನು ವಿರೋಧಿಸಿದರು. ಸಂಸತ್ತಿನಲ್ಲಿ ಅವರ ಮೊದಲ ದೊಡ್ಡ ಭಾಷಣ ಅದು. ಪ್ರಯೋಜನ ಆಗಲಿಲ್ಲ. ಜನಪ್ರತಿನಿಧಿ ಸಭೆಯಲ್ಲಿ ಪರವಾಗಿ 323, ವಿರೋಧವಾಗಿ 71 ಮತ. ಆ 71ರಲ್ಲಿ ಒಬ್ಬರಾಗಿ ಅವರು ಸೋತರು. ಆ ಸೋಲನ್ನು ತಿರುಗಿಸಲು ಅವರಿಗೆ 41 ವರ್ಷ ಹಿಡಿಯಿತು.

ಆಗ ಭಾರತೀಯರ ಸ್ಥಿತಿ ಹೇಗಿತ್ತು?

ಕಷ್ಟ. 1917ರ ಕಾನೂನು ಭಾರತವೂ ಸೇರಿ ಏಷ್ಯಾದ ದೊಡ್ಡ ಭಾಗದಿಂದ ವಲಸೆಯನ್ನೇ ನಿಲ್ಲಿಸಿತ್ತು. ಮುಂಚೆಯೇ ಬಂದವರಿಗೆ ಪೌರತ್ವದ ಆಸೆ ಇತ್ತು. 1923ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್ ಅದನ್ನೂ ಮುಚ್ಚಿತು. ಅದು ಭಗತ್ ಸಿಂಗ್ ಥಿಂಡ್ ಪ್ರಕರಣ. ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಬೇರೆ, ಇವರು ಬೇರೆ. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ಇದ್ದವರು. ‘ಬಿಳಿಯರಿಗೆ’ ಪೌರತ್ವ ಎಂಬ ನಿಯಮದಡಿ ಭಾರತೀಯರು ಬರುವುದಿಲ್ಲ ಎಂದು ಕೋರ್ಟ್ ಹೇಳಿತು. ಆಮೇಲೆ ಈಗಾಗಲೇ ಪೌರತ್ವ ಸಿಕ್ಕಿದ್ದ ಹಲವರಿಂದಲೂ ಅದನ್ನು ಕಿತ್ತುಕೊಂಡರು.

ಆ ತೀರ್ಪು ಬಂದ ಎರಡು ವಾರಕ್ಕೆ, ಮಾರ್ಚ್ 4ರಂದು, ಸೆಲ್ಲರ್ ಅವರ ಸದಸ್ಯತ್ವ ಶುರುವಾಯಿತು.

ಲೂಸ್–ಸೆಲ್ಲರ್ ಕಾನೂನು ಅಂದರೆ ಏನು? ವರ್ಷಕ್ಕೆ ನೂರೇ ಜನರಾ?

ಹೌದು, ನೂರೇ ಜನ. ಆದರೆ ಆ ನೂರಕ್ಕಿಂತ ದೊಡ್ಡದು ಅದರ ಜೊತೆಗಿತ್ತು.

ಎರಡನೆಯ ಮಹಾಯುದ್ಧದಲ್ಲಿ ಚೀನಾ ಅಮೆರಿಕದ ಮಿತ್ರ. ಮಿತ್ರರನ್ನೇ ಬಾಗಿಲಾಚೆ ನಿಲ್ಲಿಸುವುದು ಹೇಗೆ? 1943ರಲ್ಲಿ ಚೀನೀಯರ ಮೇಲಿನ ನಿಷೇಧ ತೆಗೆದು ವರ್ಷಕ್ಕೆ 105 ಜನರ ಕೋಟಾ ಕೊಟ್ಟರು. ಹಾಗಾದರೆ ಭಾರತೀಯರಿಗೆ ಯಾಕಿಲ್ಲ ಎಂದು ನ್ಯೂಯಾರ್ಕ್‌ನಲ್ಲಿದ್ದ ವ್ಯಾಪಾರಿ ಜೆ. ಜೆ. ಸಿಂಗ್ ಪಟ್ಟು ಹಿಡಿದರು. ಇಂಡಿಯಾ ಲೀಗ್ ಆಫ್ ಅಮೆರಿಕ ಸಂಸ್ಥೆಯ ಮುಂದಾಳು ಅವರು. ಸಂಸತ್ತಿನಲ್ಲಿ ಇಬ್ಬರು ಕೈಜೋಡಿಸಿದರು. ಒಬ್ಬರು ಕನೆಕ್ಟಿಕಟ್‌ನ ರಿಪಬ್ಲಿಕನ್ ಸದಸ್ಯೆ, ನಾಟಕಕಾರ್ತಿ ಕ್ಲೇರ್ ಬೂತ್ ಲೂಸ್. ಇನ್ನೊಬ್ಬರು ಸೆಲ್ಲರ್. ಎದುರು ಪಕ್ಷದವರು, ಸ್ವಭಾವದಲ್ಲೂ ದೂರ. ಆದರೂ ಈ ವಿಷಯದಲ್ಲಿ ಒಂದಾದರು.

1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ಭಾರತೀಯರಿಗೆ ವರ್ಷಕ್ಕೆ 100, ಫಿಲಿಪೀನ್ಸ್‌ನವರಿಗೆ 100. ಭಾರತಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಸಂಖ್ಯೆ ನೋಡಿದರೆ ನಗು ಬರುತ್ತದೆ. ಆದರೆ ಅಲ್ಲೇ ಇದ್ದ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತಲ್ಲ, ಅದೇ ಮುಖ್ಯ. ದಲೀಪ್ ಸಿಂಗ್ ಸೌಂದ್ ಅವರನ್ನೇ ನೋಡಿ. 1920ರಲ್ಲಿ ಓದಲು ಹೋದವರು, ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಆದರೂ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡಿಕೊಂಡಿದ್ದರು. 1949ರಲ್ಲಿ ಪೌರರಾದರು. 1956ರಲ್ಲಿ ಚುನಾವಣೆ ಗೆದ್ದು ಸೆಲ್ಲರ್ ಇದ್ದ ಅದೇ ಸಭೆಗೆ ಬಂದರು. ಏಷ್ಯಾ ಮೂಲದ ಮೊದಲ ಸದಸ್ಯ ಅವರೇ.

1924ರ ಕೋಟಾ ಕೊನೆಗೆ ಹೋದದ್ದು ಹೇಗೆ?

ಸುಲಭವಾಗಿ ಹೋಗಲಿಲ್ಲ. ಹಿಟ್ಲರನ ಕಾಲದಲ್ಲಿ ಯುರೋಪಿನಿಂದ ಓಡಿಬಂದ ಯಹೂದಿಗಳಿಗೆ ಈ ಕೋಟಾ ಅಡ್ಡಗೋಡೆಯಾಯಿತು. ಸೆಲ್ಲರ್ ಅಧ್ಯಕ್ಷ ರೂಸ್ವೆಲ್ಟ್ ಅವರ ಸರ್ಕಾರದ ಮೇಲೆ ಒತ್ತಡ ತಂದರು, ಬೈದರು, ಅಷ್ಟು ಫಲ ಸಿಗಲಿಲ್ಲ. 1952ರಲ್ಲಿ ಮ್ಯಾಕಾರನ್–ವಾಲ್ಟರ್ ಕಾನೂನು ಕೋಟಾವನ್ನು ಮತ್ತೆ ಗಟ್ಟಿ ಮಾಡಿತು. ಟ್ರೂಮನ್ ಅದನ್ನು ತಡೆಹಿಡಿದರು. ಸಂಸತ್ತು ಅಧ್ಯಕ್ಷರನ್ನೂ ಮೀರಿ ಪಾಸು ಮಾಡಿತು. ಸೆಲ್ಲರ್ ಮತ್ತೆ ಸೋತವರ ಸಾಲಿನಲ್ಲಿ.

ಆದರೆ ಅಷ್ಟರಲ್ಲಿ ಅವರಿಗೆ ಒಂದು ಆಸ್ತಿ ಸಿಕ್ಕಿತ್ತು: ಹಿರಿತನ. ವಲಸೆ ಮಸೂದೆಗಳು ಹೋಗುವ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಸ್ಥಾನ ಸೇವೆಯ ವರ್ಷಗಳನ್ನು ನೋಡಿ ಬರುತ್ತಿತ್ತು. 1949ರಿಂದ 1953, ಮತ್ತೆ 1955ರಿಂದ 1973ರವರೆಗೆ ಅದು ಇವರದೇ. ಅಲ್ಲಿ ಸಮಿತಿ ಅಧ್ಯಕ್ಷರೆಂದರೆ ಸಾಮಾನ್ಯ ಅಲ್ಲ. ಮಸೂದೆಯನ್ನು ಚರ್ಚೆಗೆ ತೆಗೆದುಕೊಳ್ಳುವುದೂ ಅವರ ಇಷ್ಟ, ಡ್ರಾಯರ್‌ನಲ್ಲಿ ಇಟ್ಟು ಮರೆಯುವುದೂ ಅವರ ಇಷ್ಟ. ಸೆಲ್ಲರ್ ಈ ಎರಡನ್ನೂ ಮಾಡಿದರು.

1964ರ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ ಭಾರಿ ಗೆಲುವು ಕಂಡರು. ಸಂಸತ್ತಿನಲ್ಲೂ ಅವರ ಪಕ್ಷದ ಬಲ ಹೆಚ್ಚಿತು. ಕೋಟಾ ತೆಗೆಯುವ ಮಸೂದೆಯನ್ನು ಸೆನೆಟ್‌ನಲ್ಲಿ ಮಿಷಿಗನ್‌ನ ಫಿಲಿಪ್ ಹಾರ್ಟ್, ಇತ್ತ ಸೆಲ್ಲರ್ ಮಂಡಿಸಿದರು. 1965ರ ಆಗಸ್ಟ್‌ನಲ್ಲಿ ಜನಪ್ರತಿನಿಧಿ ಸಭೆ 318–95 ಮತಗಳಿಂದ ಒಪ್ಪಿತು. ಅಕ್ಟೋಬರ್ 3ರಂದು ನ್ಯೂಯಾರ್ಕ್ ಬಂದರಿನಲ್ಲಿ, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಜಾನ್ಸನ್ ಸಹಿ ಹಾಕಿದರು. ಸೆಲ್ಲರ್‌ಗೆ ಆಗ 77 ವರ್ಷ.

ಹೊಸ ಕಾನೂನಿನಲ್ಲಿ ಏನಿತ್ತು?

ಹುಟ್ಟಿದ ದೇಶ ನೋಡಿ ಪಾಲು ಹಂಚುವುದು ಹೋಯಿತು. ಪೂರ್ವಾರ್ಧಗೋಳಕ್ಕೆ ಒಟ್ಟು 1,70,000 ವೀಸಾ. ಯಾವ ದೇಶವೂ ವರ್ಷಕ್ಕೆ 20,000 ದಾಟುವ ಹಾಗಿಲ್ಲ. ಬ್ರಿಟನ್‌ಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಹೆಚ್ಚಿನ ಪಾಲು ಕುಟುಂಬದವರಿಗೆ. ಡಾಕ್ಟರ್, ಎಂಜಿನಿಯರ್, ವಿಜ್ಞಾನಿಗಳಂಥವರಿಗೆ ನೂರಕ್ಕೆ 10. ಕೆಲಸಗಾರರ ಕೊರತೆ ಇರುವ ಕಡೆಗೆ ಇನ್ನೊಂದು 10. ನಿರಾಶ್ರಿತರಿಗೆ 6. ಹಳೇ ಕೋಟಾ ಪೂರ್ತಿ ಅಳಿದದ್ದು 1968ರ ಮಧ್ಯದಲ್ಲಿ. ನಮ್ಮ ಹಿರಿಯರ ಕತೆಗಳು ಆ ಹೊತ್ತಿಗೇ ಶುರುವಾಗುವುದು ಯಾಕೆ ಎಂದು ಈಗ ಗೊತ್ತಾಯಿತಲ್ವಾ?

ಭಾರತದಿಂದ ಇಷ್ಟೊಂದು ಜನ ಬರುತ್ತಾರೆ ಅಂತ ಸೆಲ್ಲರ್‌ಗೆ ಗೊತ್ತಿತ್ತಾ?

ಇಲ್ಲ. ತಮಾಷೆ ಇರುವುದೇ ಇಲ್ಲಿ. ಏಷ್ಯಾ, ಆಫ್ರಿಕಾದಿಂದ ಹೆಚ್ಚು ಜನ ಬರುವುದಿಲ್ಲ ಎಂದು ಅವರೇ ಚರ್ಚೆಯಲ್ಲಿ ಸಮಾಧಾನ ಹೇಳಿದ್ದರು. ಅವರ ತರ್ಕ ಹೀಗಿತ್ತು: ಕುಟುಂಬದವರಿಗೆ ಆದ್ಯತೆ ಕೊಡುತ್ತಿದ್ದೇವೆ, ಏಷ್ಯಾದವರಿಗೆ ಇಲ್ಲಿ ನೆಂಟರೇ ಕಡಿಮೆ, ಮತ್ತೆ ಬರುವುದು ಹೇಗೆ?

ಓಹಾಯೋದ ಮೈಕೇಲ್ ಫೀಗನ್ ಎಂಬ ಸದಸ್ಯರು ಕುಟುಂಬದ ಪಾಲು ಹೆಚ್ಚಿಸಲು ಹಟ ಹಿಡಿದದ್ದೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ. ಹಳೇ ಯುರೋಪಿಯನ್ನರೇ ತಮ್ಮವರನ್ನು ಕರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದರು. ಆದದ್ದು ಬೇರೆ. ಯುರೋಪು ಚೇತರಿಸಿಕೊಂಡಿತ್ತು, ಅಲ್ಲಿಂದ ಹೊರಡುವ ಅವಸರ ಯಾರಿಗೂ ಇರಲಿಲ್ಲ. ನಮ್ಮ ಕಡೆಯಿಂದ ಮೊದಲು ಡಾಕ್ಟರ್ ಅಣ್ಣ ಹೋದ. ಪೌರನಾದ ಮೇಲೆ ಅಪ್ಪ ಅಮ್ಮನನ್ನು ಕರೆಸಿದ, ತಂಗಿಗೆ ಅರ್ಜಿ ಹಾಕಿದ. ತಂಗಿಯ ಜೊತೆ ಭಾವನೂ ಬಂದ. ನೆಂಟಸ್ತಿಕೆಯ ವಿಷಯದಲ್ಲಿ ನಮ್ಮವರ ಶಕ್ತಿಯನ್ನು ಅಮೆರಿಕದ ಸಂಸತ್ತು ಅಳೆದದ್ದೇ ತಪ್ಪು!

ಕನ್ನಡಿಗರಿಗೆ ಇದರಿಂದ ನೇರವಾಗಿ ಏನಾಯಿತು?

1965ರಲ್ಲೇ ಅಮೆರಿಕ ಹಿರಿಯ ನಾಗರಿಕರಿಗಾಗಿ ಮೆಡಿಕೇರ್ ಆರೋಗ್ಯ ಯೋಜನೆಯನ್ನೂ ತಂದಿತು. ಆಸ್ಪತ್ರೆಗಳಿಗೆ ಡಾಕ್ಟರುಗಳು ಸಾಲಲಿಲ್ಲ. ಬೆಂಗಳೂರು, ಮೈಸೂರು, ಮಣಿಪಾಲದಲ್ಲಿ ಓದಿದ ವೈದ್ಯರು, ಸುರತ್ಕಲ್ ಮತ್ತು ಬೆಂಗಳೂರಿನ ಎಂಜಿನಿಯರುಗಳು ಹೊಸ ಕಾನೂನಿನ ಬಾಗಿಲಲ್ಲಿ ಒಳಗೆ ಹೋದರು. ನಾಲ್ಕು ಮನೆ ಸೇರಿದ ಕಡೆ ಯುಗಾದಿ, ಹತ್ತು ಮನೆ ಸೇರಿದ ಕಡೆ ಕನ್ನಡ ಕೂಟ. ಆಮೇಲೆ ಈ ಕೂಟಗಳೆಲ್ಲ ಸೇರಿ ‘ಅಕ್ಕ’ ಎಂಬ ಒಕ್ಕೂಟ ಆಯಿತು. ಸಾಫ್ಟ್‌ವೇರ್ ಜನ ಬಂದದ್ದು ತೀರಾ ಈಚೆಗೆ.

ಈಗಿನ ಗ್ರೀನ್ ಕಾರ್ಡ್ ಕ್ಯೂಗೂ ಸೆಲ್ಲರ್‌ಗೂ ಸಂಬಂಧ ಇದೆಯಾ?

ದೂರದ್ದೊಂದು ಸಂಬಂಧ ಇದೆ. ಎಲ್ಲ ದೇಶಕ್ಕೂ ಒಂದೇ ಮಿತಿ ಎಂಬುದು 1965ರಲ್ಲಿ ಸಮಾನತೆಯ ಮಾತಾಗಿತ್ತು. 1990ರ ಕಾನೂನು ಅದನ್ನು ಒಟ್ಟು ವೀಸಾದಲ್ಲಿ ನೂರಕ್ಕೆ 7 ಎಂದು ಬದಲಾಯಿಸಿತು. ಭಾರತದಷ್ಟು ದೊಡ್ಡ ದೇಶಕ್ಕೂ 7, ಪುಟ್ಟ ದೇಶಕ್ಕೂ 7. ಹಾಗಾಗಿ ಇಲ್ಲಿಂದ ಹೋದ ಎಂಜಿನಿಯರು ಹತ್ತು ವರ್ಷಕ್ಕೂ ಜಾಸ್ತಿ ಕಾಯುತ್ತಾರೆ. ಸಣ್ಣ ದೇಶದಿಂದ ಬಂದ ಸಹೋದ್ಯೋಗಿ ಬೇಗ ಮುಗಿಸಿಕೊಳ್ಳುತ್ತಾನೆ. ಇದರ ಸಿಟ್ಟನ್ನು ಸೆಲ್ಲರ್ ಮೇಲೆ ಹಾಕುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. 1965ಕ್ಕೆ ಮುಂಚೆ ನಮ್ಮ ಪಾಲು ವರ್ಷಕ್ಕೆ ನೂರು.

ಕರಿಯರ ಹಕ್ಕುಗಳ ವಿಷಯದಲ್ಲಿ ಅವರ ಪಾತ್ರ?

ಬಹಳ ದೊಡ್ಡದು. ಅಮೆರಿಕದಲ್ಲಿ ಅವರನ್ನು ಹೆಚ್ಚಾಗಿ ನೆನೆಯುವುದೂ ಇದಕ್ಕೇ. 1957, 1960, 1964, 1968ರ ನಾಗರಿಕ ಹಕ್ಕುಗಳ ಕಾನೂನುಗಳು, 1965ರ ಮತದಾನ ಹಕ್ಕು ಕಾನೂನು, ಎಲ್ಲ ಅವರ ಸಮಿತಿಯನ್ನು ದಾಟಿಯೇ ಬಂದವು.

1964ರದು ದೊಡ್ಡ ಹೋರಾಟ. ಓಹಾಯೋದ ರಿಪಬ್ಲಿಕನ್ ವಿಲಿಯಂ ಮೆಕಲಕ್ ಜೊತೆ ಸೆಲ್ಲರ್ ಒಪ್ಪಂದಕ್ಕೆ ಬಂದರು. ಅವರೂ ವಕೀಲರೇ. ದಕ್ಷಿಣದ ಡೆಮಾಕ್ರಟರು, ಅಂದರೆ ಸೆಲ್ಲರ್ ಅವರ ಪಕ್ಷದವರೇ, ಕಾಲೆಳೆದರು. ವರ್ಜೀನಿಯಾದ ಹೊವಾರ್ಡ್ ಸ್ಮಿತ್ ಒಂದು ತಿದ್ದುಪಡಿ ತಂದರು: ಉದ್ಯೋಗದಲ್ಲಿ ಲಿಂಗಭೇದವನ್ನೂ ನಿಷೇಧಿಸಿ. ಮಸೂದೆಯನ್ನು ಮುಳುಗಿಸುವ ತಂತ್ರ ಇದು ಎಂದು ಹಲವರು ತಿಳಿದರು. ಸೆಲ್ಲರ್ ವಿರೋಧಿಸಿದರು. ತಮ್ಮ ಸುಮಾರು 50 ವರ್ಷದ ಸಂಸಾರದ ಮಾತು ತೆಗೆದು, ಮನೆಯಲ್ಲಿ ಕೊನೆಯ ಮಾತು ನನ್ನದೇ, ಅದು ‘ಆಯಿತು ಕಣೇ’ ಎಂಬುದು ಎಂದು ನಗಿಸಿದರು. ಸಭೆ ನಕ್ಕಿತು. ಸದಸ್ಯೆ ಮಾರ್ತಾ ಗ್ರಿಫಿತ್ಸ್ ನಗಲಿಲ್ಲ. ನಗುವೇ ಸಾಕ್ಷಿ, ಹೆಂಗಸರನ್ನು ಎರಡನೇ ದರ್ಜೆಯವರಾಗಿ ನೋಡುತ್ತೀರಿ ಎಂಬ ಅರ್ಥದ ಮಾತಾಡಿದರು. ತಿದ್ದುಪಡಿ 168–133ರಲ್ಲಿ ಗೆದ್ದಿತು, ಮಸೂದೆ ಮುಳುಗಲೂ ಇಲ್ಲ. 1964ರ ಜುಲೈ 2ರಂದು ಕಾನೂನಾಯಿತು. ಲೂಸ್–ಸೆಲ್ಲರ್ ಕಾನೂನಿಗೆ ಸಹಿ ಬಿದ್ದದ್ದೂ ಜುಲೈ 2ರಂದೇ, 18 ವರ್ಷ ಮುಂಚೆ.

ಬೇರೆ ಕಾನೂನುಗಳು?

1950ರ ಸೆಲ್ಲರ್–ಕೆಫಾವರ್ ಕಾನೂನು ದೊಡ್ಡ ಕಂಪನಿಗಳು ಪ್ರತಿಸ್ಪರ್ಧಿಗಳನ್ನು ನುಂಗುವುದಕ್ಕೆ ಕಡಿವಾಣ ಹಾಕಿತು. 1968ರ ಬಂದೂಕು ಕಾನೂನು ರೈಫಲ್‌ಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವುದನ್ನು ನಿಲ್ಲಿಸಿತು. ಕೆನಡಿ ಅವರನ್ನು ಕೊಂದ ರೈಫಲ್ ಅಂಚೆಯಲ್ಲಿ ಬಂದದ್ದೇ. ಸಂವಿಧಾನದ 25ನೇ ತಿದ್ದುಪಡಿಯಲ್ಲೂ ಸೆಲ್ಲರ್ ಕೈ ಇದೆ. ಅಧ್ಯಕ್ಷರಿಗೆ ಕೆಲಸ ಮಾಡಲಾಗದಿದ್ದರೆ ಏನು ಎಂಬುದು ಅದರಲ್ಲಿದೆ. 2021ರ ನವೆಂಬರ್‌ನಲ್ಲಿ ಬೈಡನ್ ವೈದ್ಯಕೀಯ ತಪಾಸಣೆಗೆ ಅರಿವಳಿಕೆ ಪಡೆದಾಗ, ಕಮಲಾ ಹ್ಯಾರಿಸ್ ಕೈಗೆ ಸ್ವಲ್ಪ ಹೊತ್ತು ಅಧಿಕಾರ ಹೋದದ್ದು ಇದೇ ತಿದ್ದುಪಡಿಯಿಂದ.

ಅವರ ಮೇಲೆ ಆರೋಪ ಇರಲಿಲ್ಲವಾ?

ಇತ್ತು. ಸಂಸತ್ ಸದಸ್ಯರಾಗಿಯೂ ವಕೀಲಿ ಸಂಸ್ಥೆ ನಡೆಸಿದರು. ಆ ಕಚೇರಿಗೆ ‘ಎರಡು ಬಾಗಿಲು’ ಎಂದು ಪತ್ರಿಕೆಗಳು ಬರೆದವು. ಒಂದರ ಮೇಲೆ ಸೆಲ್ಲರ್ ಹೆಸರು, ಕೇಂದ್ರ ಸರ್ಕಾರದ ಮುಂದೆ ಕೇಸು ಇದ್ದವರಿಗಾಗಿ ಇದ್ದ ಇನ್ನೊಂದರ ಮೇಲೆ ಪಾಲುದಾರರ ಹೆಸರು ಮಾತ್ರ. ಕಾನೂನಿನ ಅಕ್ಷರಕ್ಕೆ ಇದು ಸರಿ ಇರಬಹುದು, ನೋಡಲು ಚೆನ್ನಾಗಿರಲಿಲ್ಲ. ಈಗ ಅಲ್ಲಿನ ಸದಸ್ಯರು ಹಣ ಪಡೆದು ವಕೀಲಿ ಮಾಡುವಂತಿಲ್ಲ. ನಮ್ಮಲ್ಲಿ ಮಾಡಬಹುದು, 2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದಕ್ಕೆ ಅಡ್ಡಿಯಿಲ್ಲ ಎಂದಿದೆ.

ಅಷ್ಟು ವರ್ಷ ಗೆದ್ದವರು ಸೋತದ್ದು ಹೇಗೆ?

ಡ್ರಾಯರ್ ವಿಷಯ ಹೇಳಿದ್ದೆನಲ್ಲ, ಅದಕ್ಕೇ ಬರುತ್ತೇನೆ. ಹೆಣ್ಣು ಗಂಡಿಗೆ ಸಮಾನ ಹಕ್ಕು ಎಂದು ಸಂವಿಧಾನದಲ್ಲೇ ಬರೆಯುವ ತಿದ್ದುಪಡಿಯೊಂದು ಸೆಲ್ಲರ್ ಸಮಿತಿಯ ಮುಂದೆ ಇತ್ತು. 20 ವರ್ಷಕ್ಕೂ ಜಾಸ್ತಿ ಅವರು ಅದನ್ನು ಮೇಲೆತ್ತಲೇ ಇಲ್ಲ. ಕಾರ್ಖಾನೆಯ ಹೆಂಗಸರಿಗೆ ಇರುವ ರಕ್ಷಣೆಯ ಕಾನೂನುಗಳು ಇದರಿಂದ ಹೋಗುತ್ತವೆ ಎಂಬುದು ಅವರ ವಾದ. ಕಾರ್ಮಿಕ ಸಂಘಗಳಲ್ಲೂ ಹಲವು ಹೀಗೇ ಹೇಳುತ್ತಿದ್ದವು. ವಾದದಲ್ಲಿ ಸ್ವಲ್ಪ ಹುರುಳಿತ್ತು ಎಂದೇ ಇಟ್ಟುಕೊಳ್ಳಿ. ಚರ್ಚೆಗೂ ಬಿಡದೆ ಇದ್ದದ್ದು ಯಾಕೆ? ಕೊನೆಗೆ 1970ರಲ್ಲಿ ಅದೇ ಮಾರ್ತಾ ಗ್ರಿಫಿತ್ಸ್ 218 ಸದಸ್ಯರ ಸಹಿ ಕೂಡಿಸಿ ಮಸೂದೆಯನ್ನು ಸಮಿತಿಯಿಂದ ಹೊರಗೆಳೆದರು.

1972ರಲ್ಲಿ ಪಕ್ಷದ ಒಳಗಿನ ಆಯ್ಕೆ ಚುನಾವಣೆ, ಅಂದರೆ ಪ್ರೈಮರಿ ಬಂತು. ಎಲಿಜಬೆತ್ ಹೋಲ್ಟ್ಸ್‌ಮನ್ ಎಂಬ 30 ವರ್ಷದ ವಕೀಲೆ ಎದುರು ನಿಂತರು. ಹಣ ಇರಲಿಲ್ಲ. ಸಬ್‌ವೇ ನಿಲ್ದಾಣದಲ್ಲಿ, ಸಿನಿಮಾ ಟಿಕೆಟ್ ಕ್ಯೂಗಳಲ್ಲಿ ಜನರನ್ನು ಹಿಡಿದು ಮಾತಾಡಿಸಿದರು. ಕ್ಷೇತ್ರದಲ್ಲಿ ಸೆಲ್ಲರ್ ಅವರದೊಂದು ಕಚೇರಿಯೂ ಇಲ್ಲ ಎಂದು ನೆನಪಿಸಿದರು. ಹೋಲ್ಟ್ಸ್‌ಮನ್ ಅವರನ್ನು ಸೆಲ್ಲರ್ ಲೆಕ್ಕಕ್ಕೇ ಇಡಲಿಲ್ಲ. ವಾಷಿಂಗ್ಟನ್ ಸ್ಮಾರಕವನ್ನು ಹಲ್ಲುಕಡ್ಡಿಯಿಂದ ಬೀಳಿಸಲು ಹೊರಟಂತೆ ಎಂದು ಅಣಕಿಸಿದರು. ಬಿತ್ತು. ಅಂತರ ಸುಮಾರು 600 ಮತ.

ಆಮೇಲೆ ಅವರು ಏನು ಮಾಡಿದರು?

ವಕೀಲಿ. ಫೆಡರಲ್ ಮೇಲ್ಮನವಿ ಕೋರ್ಟುಗಳ ಸುಧಾರಣೆಗಾಗಿ ನೇಮಿಸಿದ ಆಯೋಗದಲ್ಲೂ ಕೆಲಸ ಮಾಡಿದರು. 1974ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ಮೇಲಿನ ಮಹಾಭಿಯೋಗ ನ್ಯಾಯಾಂಗ ಸಮಿತಿಯ ಮುಂದೆ ಬಂತು. ಸೆಲ್ಲರ್ ಆ 600 ಮತ ಉಳಿಸಿಕೊಂಡಿದ್ದರೆ 86ನೇ ವಯಸ್ಸಿನಲ್ಲಿ ಅದರ ಅಧ್ಯಕ್ಷತೆ ಅವರದಾಗುತ್ತಿತ್ತು. ಆ ಕುರ್ಚಿಯಲ್ಲಿ ನ್ಯೂಜೆರ್ಸಿಯ ಪೀಟರ್ ರೊಡಿನೊ ಕೂತರು. ಸಮಿತಿಯ ಸದಸ್ಯರ ಸಾಲಿನಲ್ಲಿ ಹೋಲ್ಟ್ಸ್‌ಮನ್ ಇದ್ದರು. ಸೆಲ್ಲರ್ 1981ರ ಜನವರಿ 15ರಂದು ಬ್ರೂಕ್ಲಿನ್‌ನಲ್ಲೇ ತೀರಿಕೊಂಡರು. 92 ವರ್ಷ ಬದುಕಿದ್ದರು.

ವಕೀಲರು ಸಂಸತ್ತಿಗೆ ಹೋಗುವುದು ಅಲ್ಲಿ ಮಾಮೂಲಾ? ನಮ್ಮವರು ಯಾರಾದರೂ ಇದ್ದಾರಾ?

ತುಂಬಾ ಮಾಮೂಲು. ಅಬ್ರಹಾಂ ಲಿಂಕನ್ ಕೂಡ ಮೊದಲು ವಕೀಲರು, 1847ರಿಂದ 1849ರವರೆಗೆ ಒಂದೇ ಅವಧಿಗೆ ಇದೇ ಸಭೆಯ ಸದಸ್ಯರು. ಭಾರತ ಮೂಲದವರಲ್ಲಿ ರಾಜಾ ಕೃಷ್ಣಮೂರ್ತಿ, ರೋ ಖನ್ನಾ ಕಾನೂನು ಓದಿ ಸಂಸತ್ತಿಗೆ ಹೋದವರು. ಕರ್ನಾಟಕದ ನೆಲದಿಂದ ಹೋದವರೆಂದರೆ ಶ್ರೀ ಥಾಣೇದಾರ್. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದವರು, ಮನೆಮಾತು ಮರಾಠಿ. 1979ರಲ್ಲಿ ರಸಾಯನಶಾಸ್ತ್ರ ಓದಲು ಅಮೆರಿಕಕ್ಕೆ ಹೋದರು. 2022ರಲ್ಲಿ ಡೆಟ್ರಾಯ್ಟ್ ಭಾಗದ ಕ್ಷೇತ್ರದಿಂದ ಗೆದ್ದರು. ಅದು ಮಿಷಿಗನ್ ರಾಜ್ಯದಲ್ಲಿದೆ, 1965ರ ಕಾನೂನಿನಲ್ಲಿ ಸೆಲ್ಲರ್ ಪಕ್ಕದಲ್ಲಿರುವ ಆ ಇನ್ನೊಂದು ಹೆಸರು, ಸೆನೆಟರ್ ಹಾರ್ಟ್, ಅವರ ರಾಜ್ಯ.